ದೊಡ್ಡಪ್ಪನ ನೆತ್ತಿಯ ಎಣ್ಣೆ

ದೊಡ್ಡಪ್ಪನ ತಲೆಗೆ ಕರೆಂಟು ಕೊಡುತ್ತಾರಂತೆ ಎಂದಾಗ ದೊಡ್ಡವ್ವ ಮೊದಲು ಕೇಳಿದ್ದು, "ನಡುವ ಲೈಟ್ ಹೋದ್ರ?" ಎಂದು. ಹೊಸ ಶತಮಾನದ ಮೊದಲ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಬ್ಯಾಡಗಿಯಲ್ಲಿ ಲೈಟು ಯಾವಾಗ ಹೋಗುತ್ತದೆಂದು ಹೇಳುವಂತಿರಲಿಲ್ಲ. ರಾಣೆಬೆನ್ನೂರಿನ ಡಾಕ್ಟರು ನಕ್ಕು, ಸೋಪಿನ ಡಬ್ಬಿಯಷ್ಟಿದ್ದ ಯಂತ್ರದ ಮುಚ್ಚಳ ತೆಗೆದು ಒಳಗಿನ ಸೆಲ್ಲು ತೋರಿಸಿದರು.

"ಇಷ್ಟ ಸೆಲ್ಲಿಗೆ ಟಾರ್ಚ್ ಹತ್ತೀತರಿ. ಮನಷಾ ಹತ್ತತಾನ?"

"ಖಾತ್ರಿ ಕೊಡಂಗಿಲ್ಲ ಅಮ್ಮಾ, ಇದು ಹೊಸಾದು. ಕೊಯ್ಯೂದಿಲ್ಲ, ಚುಚ್ಚೂದಿಲ್ಲ. ಇರಿವಿ ಹರದಾಡಿದಂಗ ಆಗತೈತಿ, ಅಷ್ಟ."

ದೊಡ್ಡಪ್ಪ ಮೆಣಸಿನಕಾಯಿ ಪೇಟೆಯಲ್ಲಿ ಮಾಲಿನ ದರ್ಜೆ ಹೇಳುವವನು. ಒಣಕಾಯಿಯನ್ನು ಕಿವಿಯ ಹತ್ತಿರ ಅಲುಗಿಸಿ, ಒಳಗಿನ ಬೀಜದ ಸಪ್ಪಳ ಕೇಳಿ, ಇದು ಸಪೂರದ ಕಡ್ಡಿ, ಇದು ದುಂಡನೆಯ ಡಬ್ಬಿ ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ತೂಕಕ್ಕೆಂದು ಕಾಯಿಗೆ ನೀರು ಹೊಡೆದು ತಂದವರಿಗೆ, "ತಮ್ಮಾ, ನಿನ್ನ ಕಾಯಿಗೆ ನೆಗಡಿ ಆಗೇತಿ, ಬಿಸಲಾಗ ಕುಂದರಸು," ಎನ್ನುತ್ತಿದ್ದ. ನಾನು ಮಾತು ಕಲಿತದ್ದೇ ಆ ಚೀಲಗಳ ಮೇಲೆ, ಅವನ ಪಕ್ಕದಲ್ಲಿ ಕೂತು.

ಪಾರ್ಶ್ವವಾಯು ಬಡಿದ ಮೇಲೆ ಕೈಕಾಲು ಮರಳಿದವು, ಮಾತು ಮರಳಲಿಲ್ಲ. ಉಳಿದದ್ದು "ಹೂಂ" ಒಂದೇ. ಬಾಚಣಿಗೆ ಕೊಟ್ಟರೂ ಹೂಂ, ಬಾಳೆಹಣ್ಣು ಕೊಟ್ಟರೂ ಹೂಂ. ಒಂದೇ ಒಂದು ಕಾಯಿಯ ಹೆಸರು ಅವನ ಬಾಯಿಂದ ಬಂದರೆ ಸಾಕೆಂದು ನಾವು ದಿನಾ ಬಸ್ಸು ಹತ್ತಿದೆವು.

ಉಪ್ಪುನೀರಿನಲ್ಲಿ ಅದ್ದಿದ ಎರಡು ಸ್ಪಂಜು ತಲೆಗಿಟ್ಟು ರಬ್ಬರ್ ಪಟ್ಟಿ ಬಿಗಿಯುತ್ತಿದ್ದರು. ಇಪ್ಪತ್ತು ನಿಮಿಷ ಕರೆಂಟು ಹರಿಯುವಾಗ ನರ್ಸಮ್ಮ ಆಕಳು, ಕೊಡ, ಛತ್ರಿಯ ಚಿತ್ರ ಹಿಡಿದು ಹೆಸರು ಕೇಳುತ್ತಿದ್ದಳು. ಯಂತ್ರ ಮೇಲಿಂದ ಮೇಲೆ ಕೀಂಕೀಂ ಎನ್ನುತ್ತಿತ್ತು. ಆಕೆ ಇನ್ನಷ್ಟು ನೀರು ಸುರಿದು ಪಟ್ಟಿ ಬಿಗಿಯುವಳು. ನಾವು ಅದನ್ನು ಯಂತ್ರ ದುಡಿಯುವ ಸದ್ದೆಂದುಕೊಂಡು ಸಮಾಧಾನದಿಂದ ಕೇಳುತ್ತಿದ್ದೆವು.

ಏಳನೆಯ ದಿನ ಡಾಕ್ಟರೇ ಬಂದು ದೊಡ್ಡಪ್ಪನ ತಲೆ ಮುಟ್ಟಿದರು. ಬೆರಳು ಮೂಸಿದರು.

"ಎಣ್ಣಿ ಹಚ್ಚೀರೇನು? ತಲಿ ತೊಳಕೊಂಡು ಬರ್ರಿ ಅಂದಿದ್ನೆಲ್ಲ."

"ತೊಳದೀನ್ರಿ. ತೊಳದ ಮ್ಯಾಲೆ ಹಚ್ಚೀನಿ. ಕರೆಂಟ್ ಅಂದ್ರ ಉಷ್ಣ ಅಲ್ಲೇನ್ರಿ? ನೆತ್ತಿ ತಂಪ ಇರಲಿ ಅಂತ ದಿನಾ ಔಡಲೆಣ್ಣಿ ಒತ್ತೀನಿ."

"ಎಣ್ಣಿ ಇದ್ದಲ್ಲಿ ಕರೆಂಟ್ ಸರಿ ಹಾಯಂಗಿಲ್ಲ ಅಮ್ಮಾ, ಅದಕ್ಕ ಮಿಷನ್ ಕೂಗತಿತ್ತು. ಮತ್ತ ಒಂದರಿಂದ ಸುರು ಮಾಡಬೇಕು."

ದೊಡ್ಡವ್ವ ಸೆರಗಿನಿಂದ ಅವನ ತಲೆ ಒರೆಸಿದಳು, ಒರೆಸುತ್ತಲೇ ಇದ್ದಳು. ನಾನು ಗೋಡೆ ನೋಡುತ್ತ ನಿಂತೆ. ದಿನಾ ಎಣ್ಣೆಯ ಬಟ್ಟಲು ಹಿಡಿದುಕೊಟ್ಟವನು ನಾನೇ.

ಹೊಸದಾಗಿ ಹತ್ತು ದಿನ ನಡೆಯಿತು. ಎಣ್ಣೆಯಿಲ್ಲದ ತಲೆ, ಯಂತ್ರ ಒಂದು ಸಲವೂ ಕೂಗಲಿಲ್ಲ. ಕೊನೆಯ ದಿನ ನಾನು ಕಿಸೆಯಿಂದ ಒಂದು ಕಡ್ಡಿ ಕಾಯಿ ತೆಗೆದು ಅವನ ಅಂಗೈಯಲ್ಲಿಟ್ಟೆ. ಅವನು ಅದನ್ನು ಮೆಲ್ಲಗೆ ಕಿವಿಯ ಹತ್ತಿರ ಒಯ್ದು ಅಲುಗಿಸಿದ. ದೊಡ್ಡವ್ವ ನನ್ನ ರಟ್ಟೆ ಹಿಡಿದಳು. ಮತ್ತೊಮ್ಮೆ ಅಲುಗಿಸಿ, ಕಾಯಿಯನ್ನು ನನ್ನ ಕಿವಿಯ ಹತ್ತಿರ ತಂದು ಅಲುಗಿಸಿದ, ನೀನೇ ಹೇಳು ಅನ್ನುವ ಹಾಗೆ.

"ಕಡ್ಡಿ," ಎಂದೆ.

"ಹೂಂ," ಎಂದ.

ದೊಡ್ಡವ್ವ ಬಾಗಿಲಲ್ಲಿ ಡಾಕ್ಟರನ್ನು ತಡೆದು ನಿಲ್ಲಿಸಿದಳು. "ನಾ ಎಣ್ಣಿ ಹಚ್ಚಿದ್ದಕ್ಕ ಹಿಂಗಾತೇನ್ರಿ?"

"ಇಲ್ಲಮ್ಮಾ. ಎಣ್ಣಿ ಬಿಟ್ಟ ಮ್ಯಾಲೂ ಆಗಲಿಲ್ಲಲ್ಲ. ಕೆಲವರಿಗೆ ಆಗಂಗಿಲ್ಲ."

ಅವಳು ತಲೆಯಾಡಿಸಿದಳು, ನಂಬಲಿಲ್ಲ. ಬಸ್ಸಿನಲ್ಲಿ ಮೋಟೆಬೆನ್ನೂರು ದಾಟಿದ ಮೇಲೆ, "ಮೊದಲಿನ ಏಳು ದಿನ ಬ್ಯಾರೇನ ಇದ್ವು, ಆವಾಗಾದ್ರ ಮಾತು ಬರತಿತ್ತು," ಎಂದಳು, ಅಷ್ಟೇ. ಔಡಲೆಣ್ಣೆಯ ಬಾಟಲಿ ಅಂದೇ ಹಿತ್ತಲಿಗೆ ಹೋಯಿತು.

ಆದರೆ ದೊಡ್ಡಪ್ಪನಿಗೆ ಎಣ್ಣೆಯ ನೆನಪು ಗಟ್ಟಿ ಉಳಿದಿತ್ತು. ದಿನಾ ಮುಂಜಾನೆ ಜಳಕವಾದ ಕೂಡಲೇ ಅವನು ತಾನಾಗಿ ಬಂದು ಮಣೆಯ ಮೇಲೆ ಕೂತು, ತಲೆ ಬಗ್ಗಿಸಿ, ಎಣ್ಣೆಗಾಗಿ ಕಾಯುತ್ತಿದ್ದ. ದೊಡ್ಡವ್ವ ಒಲೆಯ ಕಡೆ ಮುಖ ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಒದ್ದೆ ತಲೆ ಆರುವವರೆಗೂ ಅವನು ಹಾಗೆಯೇ ಕೂತಿರುತ್ತಿದ್ದ.