ಕಷಾಯಕ್ಕೆ ಬಿದ್ದ ಅಣಬೆ ಪುಡಿ

ಠಾಣೆ ಶಹರದ ವರ್ತಕ ನಗರದ ಸುಗುಣಾ ಯಾರ ಕಷ್ಟವನ್ನೂ ನೋಡಿಕೊಂಡು ಸುಮ್ಮನೆ ಕೂರುವ ಪೈಕಿಯಲ್ಲ. ಒಳ್ಳೆಯ ಗುಣವೇ. ಆದರೆ ಉಪಕಾರ ಮಾಡುವ ಮೊದಲು ಎದುರಿನವರನ್ನು ಒಂದು ಮಾತು ಕೇಳಬೇಕೆಂಬುದು ಮಾತ್ರ ಅವಳಿಗೆ ಹೊಳೆಯುತ್ತಿರಲಿಲ್ಲ.

ಅತ್ತೆ ಸತ್ಯಮ್ಮ ಉಡುಪಿಯಿಂದ ಮಗ ತಾರಾನಾಥನ ಮನೆಗೆ ಬಂದು ವರ್ಷಗಳಾಗಿದ್ದವು. ಮಂಡಿನೋವು ಹೆಚ್ಚಾಗಿ, ಮಹಡಿ ಇಳಿಯುವುದನ್ನೇ ಬಿಟ್ಟಿದ್ದರು. ಅದೇ ಹೊತ್ತಿಗೆ ಪಕ್ಕದ ಮನೆಯ ಮುಕ್ತಾ ಮನೆಮನೆಗೆ ಮಾಲು ಮಾರುವ ಕಂಪನಿಯೊಂದಕ್ಕೆ ಸುಗುಣಾಳನ್ನೂ ಸೇರಿಸಿದಳು. ಮಾಲೆಂದರೆ, ಕಾಡುಮರದ ಬುಡದಲ್ಲಿ ಬೆಳೆಯುವ, ತಿನ್ನುವಂಥ ಅಣಬೆಯ ಸತ್ವ ತೆಗೆದು ಮಾಡಿದ ಕಂದು ಪುಡಿ. ಅದಕ್ಕೆ ಬಗ್ಗದ ಕಾಯಿಲೆಯೇ ಇಲ್ಲವೆಂದು ಕಂಪನಿಯವರ ಬೊಗಳೆ.

ಸತ್ಯಮ್ಮ ಅಣಬೆ ಮುಟ್ಟುವವರಲ್ಲ. ಅದು ದೇವರಿಗೆ ಸಲ್ಲದ ವಸ್ತು. ಬೆಳಗಿನ ಕಷಾಯವನ್ನೂ ಅವರು ಕೃಷ್ಣನ ಮುಂದಿಟ್ಟು ಕೈಮುಗಿದೇ ಕುಡಿಯುವವರು. ಎಲ್ಲ ಗೊತ್ತಿದ್ದೂ ಸುಗುಣಾ ಕೊತ್ತಂಬರಿ-ಜೀರಿಗೆಯ ಕಷಾಯದ ಪುಡಿಗೆ ಇದನ್ನು ಬೆರೆಸಿಬಿಟ್ಟಳು.

ಪುಡಿಯಿಂದಲೋ, ತಾರಾನಾಥ ತಂದ ಎಣ್ಣೆಯಿಂದಲೋ, ಚಳಿ ಕಳೆದದ್ದರಿಂದಲೋ, ನೋವು ತಗ್ಗಿತು. ಸತ್ಯಮ್ಮ ತಾವೇ ಕೆಳಗಿಳಿದು ಹೋಗಿ ತುಳಸಿ ತಂದ ದಿನ ಸುಗುಣಾ ಹಿಗ್ಗಿ ಹೀರೇಕಾಯಿಯಾದಳು.

ಅಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಆಗುತ್ತಿತ್ತು. ಹತ್ತಿರದ ವಾಶಿ ಪಟ್ಟಣದಲ್ಲಿ ಕಂಪನಿಯ ಸಭೆ; ಗುಣವಾದವರನ್ನು ಕರೆತಂದು ತೋರಿಸಬೇಕಂತೆ. "ಅತ್ತೆ, ಒಂದು ಫಂಕ್ಷನ್ ಉಂಟು, ಹೋಗಿ ಬರುವ" ಎಂದು ಸತ್ಯಮ್ಮನನ್ನು ಕರೆದೊಯ್ದು ಮುಂದಿನ ಸಾಲಿನಲ್ಲೇ ಕೂರಿಸಿದಳು. ಮೈಕ್ ಹಿಡಿದು, ದಿನಾ ಕಷಾಯದಲ್ಲಿ ಅತ್ತೆಗೆ ಈ ಮಶ್ರೂಮ್ ಪುಡಿ ಹಾಕುತ್ತೇನೆ, ಅವರಿಗೇ ಗೊತ್ತಿಲ್ಲ ಎಂದು ಹಿಂದಿಯಲ್ಲಿ ನಗುತ್ತ ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಅತ್ತೆಗೆ ಹಿಂದಿ ಬಾರದೆಂಬ ಧೈರ್ಯ ಅವಳದು. ಮಧ್ಯಾಹ್ನವೆಲ್ಲ ಹಿಂದಿ ಸೀರಿಯಲ್ ನೋಡುವ ಮುದುಕಿಗೆ ಅಷ್ಟೂ ತಿಳಿಯದೆ?

ಲೋಕಲ್ ರೈಲು ಠಾಣೆ ಮುಟ್ಟುವವರೆಗೂ ಸತ್ಯಮ್ಮ ಕಿಟಕಿಯಾಚೆಗೇ ನೋಡುತ್ತಿದ್ದರು. ಮನೆಗೆ ಬಂದ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರು.

"ನನಗೆ ಹಾಕಿದ್ದಿ, ಅಡ್ಡಿಲ್ಲ ಸುಗುಣಾ. ನನ್ನ ಒಳ್ಳೇದಕ್ಕೇ ಹಾಕಿದ್ದಿ. ಆದರೆ ದೇವರ ಮುಂದೆ ಅದನ್ನು ನನ್ನ ಕೈಯಿಂದಲೇ ಇಡಿಸಿದಿಯಲ್ಲ."

ಸುಗುಣಾ ಕಾಲಿಗೆ ಬಿದ್ದಳು. ಪುಡಿಯನ್ನೆಲ್ಲ ಮೋರಿಗೆ ಸುರಿದಳು, ಕಂಪನಿಯನ್ನೂ ಬಿಟ್ಟಳು. ಸತ್ಯಮ್ಮ ಒಂದು ಬಿರುನುಡಿಯನ್ನೂ ಆಡಲಿಲ್ಲ; ಅವಳು ಬಡಿಸಿದ್ದನ್ನು ಮೊದಲಿನಂತೆಯೇ ಉಣ್ಣುತ್ತಿದ್ದರು.

ಆ ವರ್ಷ ಅಷ್ಟಮಿಗೆ ಸುಗುಣಾ ಮಡಿಯಲ್ಲಿ ಉಂಡೆ, ಚಕ್ಕುಲಿ ಮಾಡಿ ದೇವರ ಮಂಟಪದ ಬಳಿ ಇಟ್ಟಳು. ಸತ್ಯಮ್ಮ ಅವನ್ನು ಮೆಲ್ಲಗೆ ಬದಿಗೆ ಸರಿಸಿ, ಸಿಪ್ಪೆ ಸುಲಿಯದ ಎರಡು ಬಾಳೆಹಣ್ಣು ಇಟ್ಟು ಕೈಮುಗಿದರು. ಮರುದಿನ ಉಂಡೆಯೊಂದನ್ನು ಬಾಯಿಗೆ ಹಾಕಿಕೊಂಡು, "ಲಾಯ್ಕಾಗಿದೆ" ಎಂದರು.

ಬೈದಿದ್ದರೆ ಸುಗುಣಾ ಹೇಗೋ ತಡೆದುಕೊಳ್ಳುತ್ತಿದ್ದಳು.