ದಿನ್ನಿ ಹೊಲದ ಸರ್ವೆ

ಸಿವಿಲ್ ಇಂಜಿನಿಯರಿಂಗ್ ಓದುವ ದಿನಗಳಲ್ಲಿ ಸರ್ವೆ ಕ್ಯಾಂಪ್ ಅಂದರೆ ನನಗೆ ಹಬ್ಬ. ಹುಕ್ಕೇರಿ ಸಂತೆಯಲ್ಲಿ ಅಪ್ಪನ ಬಾಜೂ ಕೂತು ಉಳ್ಳಾಗಡ್ಡಿ ಮಾರಿ ಬೆಳೆದವ ನಾನು. ಕೂತು ಓದುವುದಕ್ಕಿಂತ ನಿಂತು ಮಾತಾಡುವುದೇ ಸಲೀಸು.

ಆ ವರ್ಷ ಕ್ಯಾಂಪು ಗೋಕಾಕ ತಾಲೂಕಿನ ನಾಗನೂರಿನಲ್ಲಿ. ನಾವು ಮೂವರು ಒಂದು ತಂಡ. ಒಂದು ಗೂಟದಿಂದ ಹೊರಟು, ಮುಂದಿನ ಗೂಟಕ್ಕೆ ದೂರ ಎಷ್ಟು, ಕೋನ ಎಷ್ಟು ಎಂದು ಅಳೆಯುತ್ತ ಹೊಲಗಳನ್ನೆಲ್ಲ ಸುತ್ತಿ, ಕಡೆಗೆ ಮೊದಲನೇ ಗೂಟಕ್ಕೇ ಬಂದು ಮುಟ್ಟಬೇಕು. ಲೆಕ್ಕದಲ್ಲೂ ಸುತ್ತು ಅಲ್ಲಿಗೇ ಕೂಡಬೇಕು. ಮರುದಿನ ಮುಂಜಾನೆ ಸರ್ ನೋಡಲು ಬರುವವರಿದ್ದರು. ಕೂಡದಿದ್ದರೆ ನಪಾಸು, ಮತ್ತೊಂದು ವರ್ಷ ಕಾಲೇಜು. ಆ ಇನ್ನೊಂದು ವರ್ಷ ಓದಿಸುವ ತಾಕತ್ತು ನಮ್ಮ ಮನೆಗಿರಲಿಲ್ಲ.

ಕೊನೆಯ ಗೂಟದ ಹತ್ತಿರ ನಿಂತು ನೋಡಿದರೆ ಮೊದಲನೆಯದು ಕಾಣಿಸದು. ನಡುವೆ ಆಳು ಮುಳುಗುವಷ್ಟು ಎತ್ತರದ ಜೋಳ. ಹೊಲದೊಡತಿ ಬದುವಿನ ಮೇಲೆ ಕುಡಗೋಲು ಹಿಡಿದು ಕೂತಿದ್ದಳು.

"ನಾಲ್ಕ ದಂಟ ಕೊಯ್ದರ ಸಾಕ್ರಿ," ಅಂದ ನನ್ನ ಗೆಳೆಯ.

"ನಿನ್ನ ತಲಿಕೂದಲಾ ನಾಲ್ಕ ಕೊಯ್ಯಲೇನು?" ಎಂದು ಆಕೆ ಎದ್ದೇಬಿಟ್ಟಳು.

ನಾನು ನಡುವೆ ಹೋದೆ. "ಕೊಯ್ಯೂದ ಬ್ಯಾಡ ಅಕ್ಕಾರ. ದಂಟ ಸರಿಸಿ ಹಗ್ಗದಿಂದ ಕಟ್ತೀವಿ, ನೋಡಿ ಬಿಚ್ತೀವಿ. ಒಂದ ಕಾಳ ಉದುರಾಂಗಿಲ್ಲ."

"ಅದರಾಗ ನನಗೇನ ಬರತೈತಿ?"

ಇದು ನನಗೆ ತಿಳಿಯುವ ಭಾಷೆ. "ಏನ ಬೇಕ ಹೇಳ್ರಿ," ಅಂದೆ.

ಪಕ್ಕದ ಹೊಲದ ತನಕ ಕಾಲುವೆ ನೀರು ಬರುತ್ತಿತ್ತು, ಈಕೆಯ ಹೊಲಕ್ಕಿಲ್ಲ. "ಇದಕ್ಕ ದಿನ್ನಿ ಹೊಲ ಅಂತಾರ. ಹೆಸರ ಕೇಳಿದ ಕೂಡಲೇ ಕಾಲುವಿ ಸಾಹೇಬ್ರು ನೀರ ಏರೂದಿಲ್ಲ ಅಂದು ಎದ್ದ ಹೋಗ್ತಾರ. ನಿಮ್ಮ ದುರ್ಬೀನ ಏನಂತೈತಿ ನೋಡ್ರಿ. ಆದರ ಮೊದಲ ನಂದು, ಆಮ್ಯಾಲ ನಿಮ್ದು."

"ಹೊತ್ತ ಇಳ್ಯಾಕತ್ತೈತಿ ಅಕ್ಕಾರ. ನಮ್ದ ಮುಗಿಸಿ ಬಂದಬಿಡ್ತೀವಿ."

"ಹಂಗ ಹೇಳಿ ಹೋದವರು ಇನ್ನೂ ಬಂದಿಲ್ಲ ತಮ್ಮಾ."

ಸಂತೆಯಲ್ಲಿ ಇಂಥ ಗಿರಾಕಿ ಸಿಕ್ಕರೆ ನನ್ನಪ್ಪ ಸುಮ್ಮನೆ ತಕ್ಕಡಿ ಎತ್ತುತ್ತಿದ್ದ. ನಾನೂ ಒಪ್ಪಿದೆ. ಗೆಳೆಯರಿಬ್ಬರೂ ನನ್ನನ್ನು ನುಂಗುವ ಹಾಗೆ ನೋಡಿದರು.

ಲೆವೆಲ್ ನೋಡುವ ದುರ್ಬೀನು ಬದುವಿನ ಮೇಲೆ ಹೂಡಿದೆ. ಒಬ್ಬ ಗೆಳೆಯ ಅಳತೆಪಟ್ಟಿ ಹಿಡಿದು ಮೂಲೆಯಿಂದ ಮೂಲೆಗೆ ನಡೆದ. ಮೂರು ಮೂಲೆ ಮುಗಿದವು. ನಾಲ್ಕನೆಯದರಲ್ಲಿ ಬಿತ್ತದೆ ಬಿಟ್ಟ ಕಲ್ಲುದಿನ್ನೆಯೊಂದಿತ್ತು. ಅದನ್ನು ಹತ್ತಿದವನು ಪಟ್ಟಿ ಹಿಡಿಯುವುದನ್ನೇ ಮರೆತು ಕೂಗಿದ:

"ಲೇ, ಇಲ್ಲಿಂದ ಎರಡೂ ಗೂಟ ಕಾಣಾಕತ್ತಾವ!"

ಓಡಿ ಹೋಗಿ ನೋಡಿದರೆ ಖರೆ. ಜೋಳದ ಮೇಲಿಂದ ಎರಡೂ ಗೂಟಗಳ ಹತ್ತಿರ ನೆಟ್ಟ ಬಾವುಟ ಚೊಕ್ಕ ಕಾಣುತ್ತಿದ್ದವು. ದಿನ್ನೆಯ ಮೇಲೆ ಹೊಸದೊಂದು ಗೂಟ ಬಡಿದರೆ ಮುಗಿಯಿತು, ದಂಟು ಕಟ್ಟುವ ಮಾತೇ ಇಲ್ಲ. ನಮ್ಮ ಕೆಲಸ ಆಯಿತಲ್ಲ, ಹೋಗೋಣ ಅಂದ ಗೆಳೆಯನ ಕೈಗೆ ಮತ್ತೆ ಪಟ್ಟಿ ಕೊಟ್ಟೆ. ಮಾತು ಮಾತೇ.

ನಾಲ್ಕನೇ ಮೂಲೆಯನ್ನೂ ಕಾಲುವೆಯ ಮಟ್ಟವನ್ನೂ ಅಳೆದು ನೋಡಿದರೆ ದಿನ್ನಿ ಆ ಒಂದು ಮೂಲೆಯಷ್ಟೇ. ಉಳಿದ ಹೊಲವೆಲ್ಲ ಪಕ್ಕದ ಕಾಲುವೆಗಿಂತ ತಗ್ಗು. ಮೂಲೆಯ ಹೆಸರು ಇಡೀ ಹೊಲಕ್ಕೆ ಅಂಟಿಕೊಂಡಿತ್ತು, ಹೆಸರನ್ನು ಯಾರೂ ಅಳೆದು ನೋಡಿರಲಿಲ್ಲ.

"ನೀರ ಬರತೈತಿ ಅಕ್ಕಾರ. ಆದರ ಬಾಜೂದವರ ಹೊಲದಾಗಿಂದ ತರಬೇಕು, ಅವರು ಒಪ್ಪಬೇಕು."

"ಅವ ನನ್ನ ಮೈದುನ. ಅವನ್ನ ನಾ ನೋಡ್ಕೋತೇನಿ," ಅಂದಳು. ಮೈದುನನ ಬಗ್ಗೆ ನನಗೆ ಕನಿಕರವೇ ಬಂತು.

ದಿನ್ನೆಯ ಮೇಲೆ ಗೂಟ ಬಡಿದು ಅಳೆದು, ಸಂಜೆ ಲೆಕ್ಕ ಹಾಕಿದೆವು. ಸುತ್ತು ಕೂಡಿತು.

ಓದುವ ಹುಡುಗರಿಗೆ ನಾನು ಈಗಲೂ ಹೇಳುತ್ತೇನೆ: ಚೌಕಾಶಿ ಮಾಡಿರಿ, ಬೇಡ ಅನ್ನುವುದಿಲ್ಲ. ಆದರೆ ಎದುರಿನವರ ಕೆಲಸ ಒಮ್ಮೆ ಕೈಗೆ ಹಿಡಿದು ನೋಡಿರಿ, ನಿಮ್ಮ ದಾರಿ ಅಲ್ಲಿಂದಲೂ ಕಂಡೀತು.

ಮರುದಿನ ಸರ್ ನಕ್ಷೆ ನೋಡಿ, "ದಿನ್ನೆಯ ಮೇಲೆ ಗೂಟ ಹಾಕುವ ಬುದ್ಧಿ ಯಾರದು?" ಎಂದು ಕೇಳಿದರು.

"ಹೊಲದ ಅಕ್ಕಾರದು, ಸರ್," ಅಂದೆ.

ಗೂಟ ಕೀಳಲು ಹೋದರೆ ಆಕೆ ಆಗಲೇ ಮೈದುನನನ್ನು ದಿನ್ನೆ ಹತ್ತಿಸಿದ್ದಳು. "ತಮ್ಮಾ, ದುರ್ಬೀನ ತಂದೀರೇನು? ಇವ ನಂಬವಲ್ಲ. ಇನ್ನೊಮ್ಮೆ ತೋರಸ್ರಿ."

ನಾವು ಮತ್ತೆ ಹೂಡಿದೆವು.