ಸಹಿಯಣ್ಣ ತಲುಪಿಸದ ಪೊಟ್ಟಣ

ಸರಕು ಎಂದುಕೊಂಡು ನೋಡಿದರೆ ಸಹಿಯಣ್ಣನನ್ನು ಯಾವ ಅಂಗಡಿಯವನೂ ಗಾಜಿನ ಹಿಂದೆ ಇಟ್ಟು ಮೆರೆಸುವುದಿಲ್ಲ. ಎತ್ತರ ಸಾಧಾರಣ. ಬಣ್ಣ ಬಿಸಿಲಿಗೆ ಮಾಸಿದ್ದು. ಹೆಗಲಚೀಲ ಎಳೆದೆಳೆದು ಎಡ ಭುಜ ಬಲಕ್ಕಿಂತ ಎರಡು ಬೆರಳು ಕೆಳಗಿಳಿದಿದೆ, ಹಾಗಾಗಿ ನೇರ ನಿಂತಾಗಲೂ ಯಾರಿಗೋ ದಾರಿ ಬಿಡುತ್ತಿರುವಂತೆ ಕಾಣುತ್ತಾನೆ. ಮಾತು ಕಡಿಮೆ, ಅದರಲ್ಲೂ ಮುಕ್ಕಾಲು ಪಾಲು ಒಂದೇ ಮಾತು: "ಇಲ್ಲೊಂದು ಸಹಿ ಹಾಕಿ." ಆ ಹೆಸರು ಬಂದದ್ದೂ ಅದರಿಂದಲೇ. ಆದರೆ ಹಳೆಯ ಮಾಲನ್ನು ಕೊಳ್ಳುವವನು ಮೊದಲು ಕೀಲು ಅಲ್ಲಾಡಿಸಿ ನೋಡಬೇಕು. ಸಹಿಯಣ್ಣನ ಕೀಲು ಎಲ್ಲಿ ಹಿಡಿದು ಅಲ್ಲಾಡಿಸಿದರೂ ಕಿರ್ ಎನ್ನುತ್ತಿರಲಿಲ್ಲ. ಕೊರಿಯರ್ ಕಚೇರಿ ಸೇರಿದಾಗಿನಿಂದ ಅವನ ಕೈಗೆ ಬಂದ ಪೊಟ್ಟಣ ಹೋಗಬೇಕಾದ ಮನೆಗೆ ಹೋಗಿಯೇ ಹೋಗಿತ್ತು.

ಇದು ಸಣ್ಣ ಮಾತಲ್ಲ. ಕೊರಿಯರ್‌ನವರಲ್ಲಿ ಒಂದು ಪದ್ಧತಿ ಉಂಟು. ಬಿಸಿಲು ಜಾಸ್ತಿಯಾದರೆ, ಮೆಟ್ಟಿಲು ಜಾಸ್ತಿಯಾದರೆ, ಮರದ ನೆರಳಲ್ಲಿ ಸ್ಕೂಟರ್ ನಿಲ್ಲಿಸಿ ಮೊಬೈಲಿನಲ್ಲಿ "ಬಾಗಿಲು ಹಾಕಿತ್ತು" ಎಂದು ಒತ್ತಿಬಿಡುವುದು. ಮೂರು ಸಲ ಬಾಗಿಲು ಹಾಕಿತ್ತು ಎಂದಾದರೆ ಪೊಟ್ಟಣ ಕಳಿಸಿದವರಿಗೇ ವಾಪಸ್. ಕಳಿಸಿದವರೂ ಸಿಗದಿದ್ದರೆ ಕಚೇರಿಯ ಮೂಲೆಯ ಅನಾಥ ಕಪಾಟಿಗೆ. ಅಲ್ಲಿ ಒಂಟಿ ಬೂಟು, ಯಾರದೋ ಕನ್ನಡಕ, ಇನ್ನೂ ಟಿಕ್‌ಟಿಕ್ ಎನ್ನುವ ಒಂದು ಗೋಡೆ ಗಡಿಯಾರ ಎಲ್ಲ ಸುಖವಾಗಿದ್ದವು. ಸಹಿಯಣ್ಣ ಮಾತ್ರ ಆ ಗುಂಡಿಯನ್ನು ಸುಳ್ಳಿಗೆ ಒತ್ತಿದವನಲ್ಲ. ಕಚೇರಿಯ ಮೇಲ್ವಿಚಾರಕನಿಗೆ ಇದೇ ಒಂದು ತಲೆನೋವು. "ಮಾರಾಯ, ನಿನ್ನ ನೋಡಿ ಬೇರೆಯವರಿಗೆ ಬೈಯಬೇಕಾಗುತ್ತೆ. ಆಗಾಗ ಸ್ವಲ್ಪ ಕೆಟ್ಟ ಕೆಲಸ ಮಾಡಪ್ಪ" ಎನ್ನುತ್ತಿದ್ದ.

ಇಂಥವನ ಬಾಳಿನಲ್ಲಿ ತಲುಪಿಸದೆ ಇಟ್ಟುಕೊಂಡ ಪೊಟ್ಟಣ ಒಂದೇ ಒಂದಿತ್ತು. ಅದನ್ನು ಕೊಟ್ಟವನು ಒಬ್ಬ ಅರಸ.

ಅರಸ ಇದ್ದದ್ದು ಟಿವಿಯೊಳಗೆ. ಹೆಂಡತಿಯ ತಮ್ಮ ಬಹಳ ವರ್ಷಗಳ ಹಿಂದೆ ತನ್ನ ಗೇಮ್ ಪೆಟ್ಟಿಗೆಯನ್ನೂ ಒಂದು ಡಿಸ್ಕನ್ನೂ ಅಕ್ಕನ ಮನೆಯಲ್ಲಿ ಬಿಟ್ಟುಹೋಗಿದ್ದ. ದೊಡ್ಡ ಹೆಸರು ಮಾಡಿದ ಆಟವಂತೆ. ಕತ್ತಿ, ಮಂತ್ರ, ಕುದುರೆ, ಎಲ್ಲಿಗೆ ಬೇಕಾದರೂ ನಡೆದು ಹೋಗಬಹುದಾದ ಒಂದು ಇಡೀ ದೇಶ. ಆಟದ ಮೊದಲಲ್ಲೇ ಶತ್ರುಗಳು ಅರಸನನ್ನು ಸುರಂಗದಲ್ಲಿ ಇರಿಯುತ್ತಾರೆ. ಅವನು ಸಾಯುತ್ತ ಆಡುವವನ ಕೈಗೆ ಒಂದು ಪದಕ ಕೊಟ್ಟು, "ಇದನ್ನು ಬೆಟ್ಟದ ಮೇಲಿನ ಹಿರಿಯನಿಗೆ ತಲುಪಿಸು" ಎನ್ನುತ್ತಾನೆ. ಸಹಿಯಣ್ಣ ಆಗಲೇ ಹೊರಟಿದ್ದ. ಭಾವಮೈದುನ ತಡೆದ.

"ಭಾವ, ತಲುಪಿಸಿದ್ರೆ ಕಥೆ ಶುರುವಾಗುತ್ತೆ. ಊರೂರಲ್ಲೂ ಬೆಂಕಿ ಬಾಗಿಲು ತೆರ್ಕೊಳ್ಳುತ್ತೆ, ರಾಕ್ಷಸರು ಬರ್ತಾರೆ."

"ತಲುಪಿಸದಿದ್ರೆ?"

"ಏನೂ ಆಗಲ್ಲ. ಆ ಹಿರಿಯ ಕಾಯ್ತಾ ಕೂತಿರ್ತಾನೆ."

"ಹಾಗಾದ್ರೆ ಕೂತಿರ್ಲಿ ಬಿಡು."

ಅಂದಿನಿಂದ ಆ ದೇಶದಲ್ಲಿ ಯುದ್ಧವೇ ಆಗಲಿಲ್ಲ. ಸಹಿಯಣ್ಣ ಕೆಲಸ ಮುಗಿಸಿ ಬಂದು ಒಂದು ಗಂಟೆ ಅಲ್ಲಿ ಇರುತ್ತಿದ್ದ. ಅಣಬೆ ಕಿತ್ತು ಮಾರಿದ. ಕೆರೆಯ ಪಕ್ಕ ಮನೆ ಕೊಂಡ. ಕುದುರೆಯ ಮೇಲೆ ಹತ್ತದೆ ಅದರ ಪಕ್ಕದಲ್ಲಿ ನಡೆದುಕೊಂಡೇ ಹೋಗುತ್ತಿದ್ದ. ದಿನವಿಡೀ ಸ್ಕೂಟರ್ ಮೇಲೆ ಕೂತವನಿಗೆ ಮತ್ತೆ ಕೂರುವ ಆಸೆ ಇರಲಿಲ್ಲ. ಕೆರೆಯ ಊರಿನ ಛತ್ರ ನಡೆಸುವವಳು ಪ್ರತಿದಿನ ಒಂದೇ ದನಿಯಲ್ಲಿ "ದಾರಿ ಸುಗಮವಾಗಿತ್ತೇ?" ಎಂದು ಕೇಳುತ್ತಿದ್ದಳು. ಪಕ್ಕದಲ್ಲಿ ಹೊಲಿಗೆ ಯಂತ್ರದ ಮುಂದೆ ಕೂತು ಗಿರಾಕಿಗಳ ಪರದೆಗಳಿಗೆ ಅಂಚು ಹೊಡೆಯುತ್ತಿದ್ದ ಹೆಂಡತಿ ತಲೆ ಎತ್ತದೆ, "ನಾನು ಕೇಳಿದ್ರೆ ಹೂಂ ಅನ್ನಲ್ಲ, ಅವಳಿಗೆ ಮಾತ್ರ ನಿಂತು ಉತ್ತರ ಕೊಡ್ತೀರ" ಎನ್ನುತ್ತಿದ್ದಳು.

ಆ ಹಳೆಯ ಆಟದಲ್ಲಿ ಮುಖಗಳೆಲ್ಲ ಬೇಯಿಸಿ ಸಿಪ್ಪೆ ಸುಲಿದ ಆಲೂಗಡ್ಡೆಯಂತಿದ್ದವು. ಸಾಯುವ ಅರಸನೂ ಆಲೂಗಡ್ಡೆಯೇ. ಒಂದು ಆಲೂಗಡ್ಡೆಗೆ ಕೊಟ್ಟ ಮಾತು ತಪ್ಪಿದ್ದಕ್ಕೆ ಸಹಿಯಣ್ಣನಿಗೆ ಒಂದು ದಿನವೂ ಎದೆ ಚುರ್ ಎಂದಿರಲಿಲ್ಲ.

ಹಾಗಿರುವಾಗ ಪೆಟ್ಟಿಗೆ ಕೆಟ್ಟಿತು. ಕೆರೆ, ಮನೆ, ಕುದುರೆ ಎಲ್ಲ ಅದರೊಳಗೇ ಉಳಿದವು. ಭಾವಮೈದುನ ಸಂಭ್ರಮದಿಂದ ಹೊಸ ಪೆಟ್ಟಿಗೆ ಹೊತ್ತು ತಂದ. "ಅದೇ ಆಟ ಭಾವ, ಹೊಸದಾಗಿ ಮಾಡಿದಾರೆ! ಅದೇ ಊರು, ಅದೇ ಮಾತು. ಮುಖ ಮಾತ್ರ ನೋಡಿ, ಬೆವರು ಕೂಡ ಕಾಣುತ್ತೆ."

ಮತ್ತೆ ಮೊದಲಿಂದ. ಸುರಂಗ, ಕತ್ತಲೆ, ಅರಸ. ಸಹಿಯಣ್ಣ ಟಿವಿಯ ಕಡೆ ಬಾಗಿದ. ಅರಸನ ಹುಬ್ಬಿನಲ್ಲಿ ಒಂದೊಂದು ಕೂದಲೂ ಬೇರೆಬೇರೆ ಇತ್ತು. ಕೆಳರೆಪ್ಪೆಯಲ್ಲಿ ನೀರು ತುಂಬಿ, ಬೀಳದೆ, ಅಲ್ಲೇ ನಿಂತಿತ್ತು. ಅವನು ಪದಕ ಹಿಡಿದ ಕೈ ಚಾಚಿ, ನೇರ ಸಹಿಯಣ್ಣನ ಕಣ್ಣಿಗೆ ಕಣ್ಣಿಟ್ಟು, "ತಲುಪಿಸು" ಎಂದ.

ಸಹಿಯಣ್ಣ ಗುಂಡಿ ಒತ್ತುವುದನ್ನು ಬಿಟ್ಟು ಎದ್ದು ನಿಂತ. ಹೆಂಡತಿ ಯಂತ್ರ ನಿಲ್ಲಿಸಿದಳು.

"ಏನಾಯ್ತ್ರೀ?"

"ಸಹಿ ತಗೊಂಡಿಲ್ಲ ಕಣೇ. ನಂಬಿ ಕೊಟ್ಬಿಟ್ಟ."

"ಸತ್ತವನ ಹತ್ರ ಎಂಥ ಸಹಿ? ಕೂತ್ಕೊಳ್ಳಿ ಸುಮ್ನೆ."

ಅಂದಿನಿಂದ ಅವನ ನೆಮ್ಮದಿ ಕೆಟ್ಟಿತು. ತಲುಪಿಸಿದರೆ ಕೆರೆಯ ಪಕ್ಕದ ಊರು ಉರಿದುಹೋಗುತ್ತದೆ. ಈಗ ಛತ್ರದವಳ ಮುಖದಲ್ಲೂ ನಗುವಾಗ ಗುಳಿ ಬೀಳುತ್ತಿತ್ತು, ಅವಳನ್ನು ಬೆಂಕಿಗೆ ಒಡ್ಡುವುದು ಹೇಗೆ? ತಲುಪಿಸದಿದ್ದರೆ ತಾನು ಕೊರಿಯರ್‌ನವನೇ ಅಲ್ಲ. ಟಿವಿಯೊಳಗಿನ ಈ ಕುತ್ತು ಮೆಲ್ಲಗೆ ಹೊರಬಂದು ಅವನ ಹೆಗಲಚೀಲ ಹೊಕ್ಕಿತು. ತಾನು ಇಷ್ಟು ವರ್ಷ ಮನೆಮನೆಗೆ ಕೊಟ್ಟು ಬಂದದ್ದರಲ್ಲಿ ಎಷ್ಟು ಬೆಂಕಿ ಬಾಗಿಲು ಎಲ್ಲೆಲ್ಲಿ ತೆರೆದುಕೊಂಡವೋ, ಯಾರಿಗೆ ಗೊತ್ತು?

ಅವನು ಕೇಳತೊಡಗಿದ. ಹಲ್ಲಿನ ಡಾಕ್ಟರು ಒಂದು ಡಬ್ಬಿ ಕಳಿಸಲು ಕೊಟ್ಟಾಗ, "ಇದು ತಲುಪಿದ್ಮೇಲೆ ಏನಾದ್ರೂ ಶುರುವಾಗುತ್ತಾ ಸಾರ್?" ಎಂದ.

"ಏನು ಶುರುವಾಗ್ಬೇಕು? ಹಲ್ಲಿನ ಸೆಟ್ಟು ಅದು. ತಿನ್ನೋಕೆ ಶುರು ಮಾಡ್ತಾರೆ."

"ತೊಂದ್ರೆ ಯಾರಿಗೂ ಇಲ್ಲ ತಾನೆ?"

"ಅವರ ಸೊಸೆಗೆ ಇರಬಹುದು" ಎಂದರು ಡಾಕ್ಟರು.

ಸಹಿಯಣ್ಣ ಆ ಡಬ್ಬಿಯನ್ನು ತಲುಪಿಸಿದ ಮೇಲೂ ಗೇಟಿನ ಹೊರಗೆ ಅರ್ಧ ಗಂಟೆ ನಿಂತು, ಒಳಗಿಂದ ಹೊಗೆ ಬರುತ್ತದೆಯೇ ಎಂದು ನೋಡಿದ. ದೂರು ಕಚೇರಿಗೆ ಬಂತು. ಮೇಲ್ವಿಚಾರಕ ಕರೆಸಿದ.

"ಏನಪ್ಪ, ಗಿರಾಕಿಗಳನ್ನ ಪೊಲೀಸರ ಥರ ವಿಚಾರಿಸ್ತೀಯಂತೆ?"

"ಒಳಗೇನಿದೆ ಅಂತ ಕೇಳಲ್ಲ ಸಾರ್. ಆಮೇಲೇನಾಗುತ್ತೆ ಅಂತಷ್ಟೆ."

ಮೇಲ್ವಿಚಾರಕ ದೂರಿನ ಹಾಳೆಯನ್ನು ಮೇಜಿಗೆ ಬಡಿದ. "ಸ್ವಲ್ಪ ಕೆಟ್ಟ ಕೆಲಸ ಮಾಡು ಅಂದಿದ್ದೆ. ಹುಚ್ಚು ಕೆಲಸ ಅಂದಿರ್ಲಿಲ್ಲ. ಇನ್ನೊಂದು ದೂರು ಬಂದ್ರೆ ಚೀಲ ಇಟ್ಟು ಹೋಗ್ತಿರ್ಬೇಕು."

ಇಲ್ಲಿಗೆ ಬೀಗದ ಅಂಗಡಿಯವನು ಬರುತ್ತಾನೆ. ಈ ಸಾಲುಗಳನ್ನು ಬರೆಯುತ್ತಿರುವುದೂ ಅವನೇ. ಆದರೂ ಅವನನ್ನು ಅವನು ಎಂದೇ ಕರೆಯೋಣ. ಮರ್ಯಾದೆ ಸ್ವಲ್ಪ ಕಡಿಮೆಯಾದರೆ ಅವನಿಗೇ ನಷ್ಟ. ಅವನಿಗೊಬ್ಬ ಅಣ್ಣ. ಅಪ್ಪ ಇಬ್ಬರಿಗೂ ಬೀಗದ ಅಂಗಡಿಯನ್ನೇ ಹಾಕಿಕೊಟ್ಟಿದ್ದ, ಒಂದು ಬೀದಿಯ ಈ ತುದಿಗೆ, ಇನ್ನೊಂದು ಆ ತುದಿಗೆ. ಅಪ್ಪ ತಾನೇ ಕೂರುತ್ತಿದ್ದ ಹಳೆಯ ಅಂಗಡಿ ಅಣ್ಣನ ಪಾಲಿಗೆ ಬಂದಿತ್ತು. ಅಣ್ಣ ಅದಕ್ಕೆ ಹೊಸ ರೂಪ ಕೊಟ್ಟ: ನೆಲಕ್ಕೆ ಕನ್ನಡಿಯಂಥ ಕಲ್ಲು, ಗೋಡೆತುಂಬ ದೀಪ, ಅಪ್ಪ ಮೊಣಕೈಯೂರಿ ಸವೆಸಿದ್ದ ಮರದ ಮೇಜಿದ್ದ ಜಾಗದಲ್ಲಿ ಗಾಜು. ತಮ್ಮ ನೋಡಲು ಹೋಗಿ, "ಅಪ್ಪ ಸ್ವರ್ಗದಿಂದ ಇಳಿದು ಬಂದ್ರೆ ವಿಳಾಸ ತಪ್ಪಿತು ಅಂತ ವಾಪಸ್ ಹೋಗ್ತಾನೆ" ಎಂದ. ಅಣ್ಣ, "ನಿನ್ನ ಅಂಗಡಿಗೆ ಬಂದ್ರೆ ಕತ್ತಲಲ್ಲಿ ಮುಗ್ಗರಿಸಿ ಬೀಳ್ತಾನೆ" ಎಂದ. ಅಲ್ಲಿಂದ ಮಾತು ಬೆಳೆದು, ಬೆಳೆದು, ನಿಂತೇಹೋಯಿತು.

ಒಬ್ಬನ ಅಂಗಡಿಯ ಎರಡನೇ ಬೀಗದ ಕೈ ಇನ್ನೊಬ್ಬನ ಹತ್ತಿರ ಇರಬೇಕು ಎಂಬುದು ಅಪ್ಪ ಮಾಡಿಟ್ಟ ಪದ್ಧತಿ. ಅಣ್ಣ ಹೊಸ ಬಾಗಿಲು ಹಾಕಿಸಿದಾಗಲೂ ಅದರದೊಂದು ಬೀಗದ ಕೈಯನ್ನು ಮರೆಯದೆ ತಮ್ಮನಿಗೆ ಕೊಟ್ಟಿದ್ದ. ತಮ್ಮ ಈಗ ಸಿಟ್ಟಿನಲ್ಲಿ ಅದನ್ನು ಪೊಟ್ಟಣ ಕಟ್ಟಿ, ನಡೆದರೆ ಐದು ನಿಮಿಷದ ದಾರಿಗೆ ಕೊರಿಯರ್ ಮಾಡಿದ. ಅಣ್ಣನ ಸ್ವಭಾವ ಅವನಿಗೆ ಗೊತ್ತು. ಆ ಬೀಗದ ಕೈ ಕೈಗೆ ಬಿದ್ದ ದಿನವೇ ಅಣ್ಣ ತಮ್ಮನನ್ನು ಮನಸ್ಸಿನಿಂದ ಅಳಿಸಿಹಾಕುತ್ತಾನೆ. ಗೊತ್ತಿದ್ದೇ ಕಟ್ಟಿದ.

ಸಹಿಯಣ್ಣ ಪೊಟ್ಟಣವನ್ನು ಅಂಗೈಯಲ್ಲಿಟ್ಟು ತೂಗಿದ. "ಇದು ತಲುಪಿದ್ಮೇಲೆ ಯಾವುದಾದ್ರೂ ಬಾಗಿಲು ತೆರೆಯುತ್ತಾ ಸಾವ್ಕಾರ್ರೇ?"

"ತೆರೆಯೋದಲ್ಲಪ್ಪ, ಮುಚ್ಚುತ್ತೆ. ಒಂದೇ ಸಲಕ್ಕೆ, ಶಾಶ್ವತವಾಗಿ" ಎಂದ ಅಂಗಡಿಯವನು, ಚೆನ್ನಾಗಿ ಹೇಳಿದೆ ಎಂದುಕೊಂಡು.

ಸಹಿಯಣ್ಣ ಪೊಟ್ಟಣವನ್ನು ಚೀಲದ ತಳಕ್ಕೆ ತುರುಕಿದ. ಅಂಗಡಿಯವನ ಕೆಳರೆಪ್ಪೆಯನ್ನೇ ನೋಡಿದ. ಅಲ್ಲಿ ಏನು ಕಂಡನೋ, ಸಹಿ ಹಾಕಿಸಿಕೊಳ್ಳುವುದನ್ನೂ ಮರೆತು ಹೋದ.

ಮೊದಲ ದಿನ ಅಣ್ಣನ ಅಂಗಡಿಯ ಎದುರು ಸ್ಕೂಟರ್ ನಿಲ್ಲಿಸಿದ. ಬಾಗಿಲು ಅಗಲವಾಗಿ ತೆರೆದಿತ್ತು, ದೀಪಗಳೆಲ್ಲ ಉರಿಯುತ್ತಿದ್ದವು, ಅಣ್ಣ ಗಾಜಿನ ಹಿಂದೆ ಕೂತು ಆಕಳಿಸುತ್ತಿದ್ದ. ಸಹಿಯಣ್ಣ ಮೊಬೈಲ್ ತೆಗೆದು, ಬಾಳಿನಲ್ಲಿ ಮೊದಲ ಸಲ, "ಬಾಗಿಲು ಹಾಕಿತ್ತು" ಒತ್ತಿದ. ಅಭ್ಯಾಸವಿಲ್ಲದ ಬೆರಳು ಮೊದಲು ಬೇರೆ ಗುಂಡಿಗೆ ಬಿದ್ದು, ಎರಡು ಸಲ ಒತ್ತಬೇಕಾಯಿತು. ಮಾರನೇ ದಿನವೂ ಹಾಗೆಯೇ, ಅಂದು ಅಣ್ಣ ಹೊಸ್ತಿಲಲ್ಲೇ ನಿಂತು "ಏನಪ್ಪ ಸಹಿಯಣ್ಣ, ನನಗೇನಾದ್ರೂ ಇದೆಯಾ?" ಎಂದು ಕೂಗಿ ಕೇಳಿದ್ದ. "ಯಾರೂ ಇಲ್ಲ" ಎಂದುಬಿಟ್ಟು ಸಹಿಯಣ್ಣ ಸ್ಕೂಟರ್ ಓಡಿಸಿದ್ದ.

ಮೂರನೇ ದಿನ ಬಂದಾಗ ಬಾಗಿಲು ನಿಜವಾಗಿಯೂ ಹಾಕಿತ್ತು. ಸಹಿಯಣ್ಣ ಇಳಿದು ಹೋಗಿ ತಳ್ಳಿ ನೋಡಿದ. ಗಾಜಿಗೆ ಹಣೆ ಒತ್ತಿ ಇಣುಕಿದ. ದೀಪ ಉರಿಯುತ್ತಿತ್ತು, ಒಳಗೆ ಯಾರೂ ಇರಲಿಲ್ಲ. ಗುಂಡಿ ಒತ್ತಿದ, ಈ ಸಲ ಬೆರಳು ತಪ್ಪಲಿಲ್ಲ. ಮೂರಾಯಿತು. ಇನ್ನು ನಿಯಮವೇ ಹೇಳುತ್ತದೆ, ಕಳಿಸಿದವರಿಗೆ ವಾಪಸ್.

ಆಗಿದ್ದು ಇಷ್ಟು. ಬೀಗದ ವ್ಯಾಪಾರಿಯಾದ ಅಣ್ಣ ತಾನೇ ಹಾಕಿಸಿದ್ದ, ತನ್ನಷ್ಟಕ್ಕೆ ಬೀಗ ಬೀಳುವ ಹೊಸ ಬಾಗಿಲಿನ ಹೊರಗೆ ಉಳಿದುಬಿಟ್ಟಿದ್ದ. ಪಕ್ಕದವರಿಗೆ ಚಿಲ್ಲರೆ ಕೊಟ್ಟು ಬರಲು ಹೊರಬಂದಿದ್ದನಂತೆ. ಬೀಗದ ಕೈ ಒಳಗೆ, ಮೊಬೈಲ್ ಒಳಗೆ, ಚಪ್ಪಲಿಯೂ ಒಳಗೆ. ಬೇರೆ ಬೀಗದವನನ್ನು ಕರೆಸಿದರೆ ಊರೆಲ್ಲ ನಗುತ್ತದೆ. ಬರಿಗಾಲಲ್ಲಿ ಬೀದಿಯ ಈ ತುದಿಗೆ ಬಂದು ತಮ್ಮನ ಅಂಗಡಿಯ ಮುಂದೆ ನಿಂತ.

"ಎರಡನೇದು ಕೊಡೋ" ಎಂದ, ತಮ್ಮನ ಮುಖ ನೋಡದೆ, ತೂಗುಹಾಕಿದ ಬೀಗಗಳನ್ನು ನೋಡುತ್ತ.

ತಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಕಳಿಸಿ ಮೂರು ದಿನವಾಗಿದೆ. ತಲುಪಿದ್ದರೆ ಅದು ಆ ಗಾಜಿನ ಬಾಗಿಲ ಒಳಗಿರಬೇಕು, ಇವನು ಇಲ್ಲಿ ಬಂದು ಕೇಳಲೇಬಾರದು. ತಲುಪಿಲ್ಲ ಎಂದಾದರೆ ಎಲ್ಲಿದೆ? "ಇಲ್ಲ, ಕೊರಿಯರ್ ಮಾಡ್ಬಿಟ್ಟೆ" ಎನ್ನಲು ನಾಲಿಗೆ ಏಳಲಿಲ್ಲ. ಸುಮ್ಮನೆ ಡ್ರಾಯರ್ ಎಳೆದ, ಮುಚ್ಚಿದ, ಇನ್ನೊಂದು ಎಳೆದ.

ಅಷ್ಟರಲ್ಲಿ ಸಹಿಯಣ್ಣ ಒಳಬಂದ. ಅಣ್ಣನನ್ನು ನೋಡಿ ಒಂದು ಹೆಜ್ಜೆ ಹಿಂದಿಟ್ಟ. ಆಮೇಲೆ ಪೊಟ್ಟಣವನ್ನು ಮೇಜಿನ ಮೇಲಿಟ್ಟು, ಗಿಣಿಪಾಠ ಒಪ್ಪಿಸುವಂತೆ, "ಮೂರು ಸಲ ಹೋದೆ. ಬಾಗಿಲು ಹಾಕಿತ್ತು. ಕಳಿಸಿದವರಿಗೆ ವಾಪಸ್. ಇಲ್ಲೊಂದು ಸಹಿ ಹಾಕಿ" ಎಂದ.

"ಯಾವ ಬಾಗಿಲು?" ಎಂದ ಅಣ್ಣ.

"ನಿಮ್ದೇ."

"ಇವತ್ತು ಹಾಕಿದೆ, ಸರಿ. ನಿನ್ನೆ ನಾನು ಬಾಗಿಲಲ್ಲೇ ನಿಂತು ನಿನ್ನ ಕೂಗಿ ಮಾತಾಡಿಸಿದ್ನಲ್ಲಯ್ಯ!"

ಸಹಿಯಣ್ಣನ ಎಡ ಭುಜ ಇನ್ನೂ ಒಂದು ಬೆರಳು ಕೆಳಗಿಳಿಯಿತು. ಈಗ ಅಣ್ಣ ಒಂದು ಫೋನ್ ಮಾಡಿದರೆ ಸಾಕು, ಅವನ ಚೀಲ ಮೇಲ್ವಿಚಾರಕನ ಮೇಜಿನ ಮೇಲೆ. ಅಂಗಡಿಯವನು ಅವನ ಮುಖ ನೋಡಿದ, ಪೊಟ್ಟಣ ನೋಡಿದ. ವ್ಯಾಪಾರದಲ್ಲಿ ಯಾವಾಗ ಬಾಯಿ ಮುಚ್ಚಿಕೊಂಡು ಮಾಲು ಒಳಗಿಡಬೇಕು ಎಂಬುದು ಅವನಿಗೆ ತಿಳಿದಿತ್ತು. ಚಟ್ಟನೆ ಸಹಿ ಹಾಕಿ, ಕಾಗದ ಹರಿದು, ಬೀಗದ ಕೈ ಅಣ್ಣನ ಮುಂದಿಟ್ಟ.

"ಇದ್ಯಾಕೋ ಪೊಟ್ಟಣದಲ್ಲಿ?" ಎಂದ ಅಣ್ಣ.

"ಧೂಳು ಹಿಡೀಬಾರ್ದು ಅಂತ."

"ಮೇಲೆ ನನ್ನ ಹೆಸರಿದೆ."

"ನಿನ್ನ ಬೀಗದ್ದಲ್ವಾ? ಇನ್ಯಾರ ಹೆಸರು ಬರೀಲಿ?"

ಅಣ್ಣ ಆ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. ಅವನೇನು ಪೆದ್ದನಲ್ಲ. ಕೊನೆಗೆ ಮಡಿಸಿ ಜೇಬಿಗಿಟ್ಟುಕೊಂಡು, "ಚಪ್ಪಲಿ ಕೊಡು, ಕಾಲು ಸುಡ್ತಾ ಇದೆ. ಬಾಗಿಲು ತೆಗೆದು ಈ ಬೀಗದ ಕೈ ವಾಪಸ್ ತಂದುಕೊಡ್ತೀನಿ. ಇಲ್ಲೇ ಇರ್ಲಿ" ಎಂದ. ಹೊಸ್ತಿಲು ದಾಟುವಾಗ ಸಹಿಯಣ್ಣನ ಕಡೆ ತಿರುಗಿ, "ನಿನ್ನೆ ಬಾಗಿಲು ಹಾಕಿತ್ತಪ್ಪ. ನನಗೇ ಮರೆತುಹೋಗಿತ್ತು" ಎಂದ.

ಅಂದು ಸಂಜೆ ಸಹಿಯಣ್ಣ ಮನೆಗೆ ಹೋದವನು ಶರ್ಟು ಕೂಡ ಬದಲಿಸದೆ ಟಿವಿ ಮುಂದೆ ಕೂತ. ಅರಸನ ಪದಕಕ್ಕೂ ನಿಯಮ ಒಂದೇ ತಾನೆ? ಹಿರಿಯ ತೋಟಕ್ಕೆ ಹೋದ ಹೊತ್ತು ನೋಡಿ ಬೆಟ್ಟ ಹತ್ತಿ ಬಾಗಿಲು ಬಡಿದ. ಇಳಿದು, ಮತ್ತೆ ಹತ್ತಿದ. ಮೂರನೇ ಸಲ ಹಿರಿಯ ಎದುರಿಗೇ ಬಂದಾಗ ಪೊದೆಯ ಹಿಂದೆ ಬಚ್ಚಿಟ್ಟುಕೊಂಡು, "ಯಾರೂ ಇಲ್ಲ ಕಣೇ" ಎಂದು ಹೆಂಡತಿಗೆ ವರದಿ ಒಪ್ಪಿಸಿದ.

"ಅಲ್ಲೇ ನಿಂತಿದಾನಲ್ರೀ, ಬಿಳಿ ಗಡ್ಡ."

"ನೀನು ಹೊಲಿಗೆ ನೋಡು."

ಇನ್ನು ಕಳಿಸಿದವರಿಗೆ ವಾಪಸ್. ಸುರಂಗಕ್ಕೆ ನಡೆದು, ಅರಸ ಬಿದ್ದಿದ್ದ ಜಾಗದಲ್ಲಿ ಪದಕ ಇಡಲು ಹೋದ. ತೆರೆಯ ಮೇಲೆ ಅಕ್ಷರ ಮೂಡಿತು: ಈ ವಸ್ತುವನ್ನು ಕೆಳಗಿಡಲು ಆಗದು. ಮತ್ತೆ ಒತ್ತಿದ. ಆಗದು. ಎಲ್ಲವನ್ನೂ ಹೊಸದು ಮಾಡಿದವರು ಇದೊಂದನ್ನು ಹಳೆಯದರಂತೆಯೇ ಬಿಟ್ಟಿದ್ದರು. ಸಹಿಯಣ್ಣ ಮಂಕಾಗಿ ಕೂತ.

"ತಗೊಳ್ಳೋರೂ ಇಲ್ಲ, ಕಳಿಸಿದವನೂ ಇಲ್ಲ. ಆಗ ನಿಮ್ಮ ಆಫೀಸಲ್ಲಿ ಎಲ್ಲಿಡ್ತೀರಿ?" ಎಂದಳು ಹೆಂಡತಿ, ಹಲ್ಲಿನಲ್ಲಿ ದಾರ ಕಡಿಯುತ್ತ.

"ಅನಾಥ ಕಪಾಟಲ್ಲಿ."

"ನೀವೇ ಕಪಾಟು ಅಂದ್ಕೊಳ್ಳಿ. ಕೊರಳಿಗೆ ಹಾಕ್ಕೊಂಡು ಓಡಾಡಿ."

ಸಹಿಯಣ್ಣ ಒಂದು ನಿಮಿಷ ಯೋಚಿಸಿ ಪದಕವನ್ನು ಕೊರಳಿಗೆ ಹಾಕಿಕೊಂಡ. ಸುರಂಗದಿಂದ ಹೊರಬಂದು ಹೊಸ ಕುದುರೆಯ ಪಕ್ಕದಲ್ಲಿ ನಡೆಯುತ್ತ ಕೆರೆಯ ಊರು ಸೇರಿದ. ಛತ್ರದವಳು ಕೆನ್ನೆಯಲ್ಲಿ ಗುಳಿ ಬೀಳಿಸಿ, ದಾರಿ ಸುಗಮವಾಗಿತ್ತೇ ಎಂದು ಕೇಳಿದಳು. ಊರು ಎಲ್ಲಿತ್ತೋ ಅಲ್ಲೇ ಇತ್ತು. ಮಾರನೇ ದಿನದಿಂದ ಅವನು ಗಿರಾಕಿಗಳನ್ನು ಏನೂ ಕೇಳಲಿಲ್ಲ.

ಅಣ್ಣನ ಅಂಗಡಿಯ ಎರಡನೇ ಬೀಗದ ಕೈ ನನ್ನ ಡ್ರಾಯರಿನಲ್ಲಿದೆ. ಅಣ್ಣ ಸಂಜೆ ಬಾಗಿಲು ಹಾಕಿ ನನ್ನ ಅಂಗಡಿಗೆ ಬಂದು, ಇಲ್ಲಿ ಬೆಳಕು ಸಾಲದು ಎಂದು ಬೈದು ಹೋಗುತ್ತಾನೆ. ಆ ಬೈಗುಳ ಕೇಳುವ ಭಾಗ್ಯ ನನಗೆ ಉಳಿದಿರುವುದು ಸಹಿಯಣ್ಣನಿಂದ. ಅದನ್ನು ನಾನು ಅವನಿಗೆ ಇನ್ನೂ ಹೇಳಿಲ್ಲ.